ಹೂ ಬಿಡದ ನೆಲಬೇವು

ದೇವರಾಜ ಅರಸು ಬಡಾವಣೆಯ ಕೆಂಚವೀರಪ್ಪ ಹಿತ್ತಲಲ್ಲಿ ನೆಲಬೇವು ಹಾಕಿದ್ದೇ ತಪ್ಪಾಯಿತು. ಹರಿಹರದ ಔಷಧಿ ಕಂಪನಿಯ ತರಬೇತಿಯಲ್ಲಿ ಕೇಳಿದ ಮಾತೊಂದು ಅವನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಗಿಡ ಬೆಳೆದಂತೆ ಎಲೆಯ ಕಹಿ ಏರುತ್ತದೆ, ಮೊದಲ ಹೂ ಬಿಟ್ಟಾಗ ತುತ್ತತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಹಿತ್ತಲಿನ ಈ ಮಾದರಿ ಎಲೆ ಪಾಸಾದರೆ, ನಂದಿಗುಡಿಯ ಅವನ ಒಂದೆಕರೆ ಹೊಲದಲ್ಲಿ ಮುಂದೆ ಹಾಕುವ ಬೆಳೆಯನ್ನು ಕಂಪನಿಯೇ ಕೊಳ್ಳುತ್ತಿತ್ತು. ಮಾದರಿ ಕೊಡಲು ಇವತ್ತು ಕೊನೆಯ ದಿನ. ಗಿಡದಲ್ಲಿ ಹೂವಿನ ಸುಳಿವೇ ಇಲ್ಲ.

“ಇನ್ನೂ ಕೊಯ್ದಿಲ್ಲೇನ್ರಿ?” ಪಕ್ಕದ ಮನೆಯ ದ್ರಾಕ್ಷಾಯಣಮ್ಮ ಕಾಂಪೌಂಡಿನ ಮೇಲಿಂದ ಪ್ರಸಾದದ ಹೂ ಚಾಚಿದರು. ನಸುಕಿನಲ್ಲೇ ಬೀದಿಯ ಹಿತ್ತಲುಗಳನ್ನೆಲ್ಲ ಸುತ್ತಿ, ಕಂಡ ಹೂವನ್ನೆಲ್ಲ ಕಿತ್ತು ಪೂಜೆ ಮಾಡುವ ಭಕ್ತೆ ಆಕೆ.

ಕೆಂಚವೀರಪ್ಪ ಎಂದಿನಂತೆ ನೋಡದೆಯೇ ಕಣ್ಣಿಗೊತ್ತಿಕೊಂಡು ಕಿವಿಗೆ ಸಿಕ್ಕಿಸಿಕೊಂಡ. “ಹೂ ಬರೋತನಕ ಕುಡುಗೋಲು ಮುಟ್ಟಲ್ರಿ, ಬ್ರಹ್ಮ ಬಂದ್ರೂ ಅಷ್ಟೇ!”

“ಬೀದಿಗೆ ಬೀದಿನೇ ನಗ್ತೈತೆ. ಸುಮ್ನೆ ಕೊಯ್ದುಬಿಡ್ರಿ,” ಎಂದಳು ಹೆಂಡತಿ ನೀಲಕ್ಕ.

“ನಗ್ಲಿ ಬಿಡು! ಇನ್ನೂ ಹತ್ತು ದಿನ ಕೇಳಿ ತಗೊಂಡೇ ಬರ್ತೀನಿ.” ಸಾಕ್ಷಿಗೆಂದು ಒಂದು ಹಿಡಿ ಎಲೆ ಕಿತ್ತುಕೊಂಡು ಹರಿಹರದ ಬಸ್ಸು ಹತ್ತಿದ.

ಪಕ್ಕದಲ್ಲಿ ಕೂತ ಅದೇ ಬೀದಿಯ ತೋಟಪ್ಪ ಕೇಳದೆಯೇ ಎರಡೆಲೆ ಬಾಯಿಗೆ ಹಾಕಿಕೊಂಡ. “ಕಹಿ ಎಲ್ಲೈತಪ್ಪ? ಇದಕ್ಕಿಂತ ಮೆಂತ್ಯ ಸೊಪ್ಪೇ ವಾಸಿ.”

“ನಿನ್ನ ನಾಲಿಗೆ ಸತ್ತೈತೆ!” ಎಂದು ಕೆಂಚವೀರಪ್ಪ ಗದರಿದ. ಕಂಡಕ್ಟರೂ ಸೇರಿ ಬಸ್ಸೆಲ್ಲ ನಕ್ಕಿತು.

ಕಂಪನಿಯಲ್ಲಿ ಎಲೆ ಪರೀಕ್ಷಿಸುವ ಆಶಾರಾಣಿ ಸಂಜೆವರೆಗೆ ಕಾಯಿಸಿ, ಚೀಟಿ ಹಿಡಿದು ಬಂದಳು. “ಯಜಮಾನ್ರೇ, ಕಹಿ ಅರ್ಧಕ್ಕರ್ಧ ಇಳಿದೈತೆ. ಈ ಗಿಡ ಹೂ ಬಿಟ್ಟು ತಿಂಗಳಾಗೈತ್ರಿ. ಪಾಸಾಗಲ್ಲ.”

ಕೆಂಚವೀರಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಮೇಜು ಗುದ್ದಿದ. “ನಿಮ್ಮ ಮಿಷನ್ನೇ ಕೆಟ್ಟೈತೆ! ದಿನಾ ಎದ್ದು ಬಗ್ಗಿ ಬಗ್ಗಿ ನೋಡೀನಿ. ಒಂದೇ ಒಂದು ಹೂ ಕಂಡಿದ್ರೆ ನನ್ನ ಹೆಸರು ಬದಲಾಯಿಸ್ರಿ!”

“ನೆಲಬೇವಿನ ಹೂ ಹೆಂಗಿರ್ತೈತೆ, ಗೊತ್ತೇನ್ರಿ?”

“ಗೊತ್ತಿಲ್ದೇ ಏನು? ತರಬೇತಿಲಿ ಪರದೆ ಮೇಲೆ ತೋರಿಸಿದ್ರಲ್ಲ, ಅಂಗೈಯಗಲ!”

“ಅದು ದೊಡ್ಡದು ಮಾಡಿದ್ದು. ನಿಜವಾದದ್ದು ಕಿರುಬೆರಳಿನ ಉಗುರಿನಷ್ಟು. ಬಿಳಿ, ನಡುವೆ ನೇರಳೆ ಚುಕ್ಕೆ.” ಆಶಾರಾಣಿ ಅವನ ಕಿವಿಯಿಂದ ಪುಟ್ಟ ಹೂವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. “ಇದೇ ನೋಡ್ರಿ.”

ಕೆಂಚವೀರಪ್ಪ ಅದನ್ನೆತ್ತಿ ಕಣ್ಣಿನ ಹತ್ತಿರ ಹಿಡಿದ. ತಿಂಗಳಿಂದ ದಿನಾ ಕಿವಿಗೇರುತ್ತಿದ್ದದ್ದು ಅದೇ. ಆದರೂ ತಲೆ ಮಾತ್ರ ತಗ್ಗಿಸಲಿಲ್ಲ.

“ಇದು ಪ್ರಸಾದ ಕಣಮ್ಮ,” ಎಂದ, “ಹೂ ಅಲ್ಲ!”