ನಮ್ಮ ಲಾನಿನ ಬಾಣಂತನ

ಜಗಳೂರಿನಲ್ಲಿ ನಮ್ಮ ಓಣಿಗೆ ಲಾನ್ ತಂದ ಮಹಾನುಭಾವ ನಾನೇ. "ಬಟ್ಟೆ ಅಂಗಡಿಯವನಿಗೆ ಹುಲ್ಲಿನ ವಿಚಾರ ಏನು ಗೊತ್ತು?" ಎಂದು ನಕ್ಕವರ ಎದುರಿಗೇ ಹೊನ್ನಾಳಿಯ ನರ್ಸರಿಯಿಂದ ಚಾಪೆಯಂತೆ ಸುತ್ತಿದ ಹುಲ್ಲನ್ನು ತಂದು ಮನೆ ಮುಂದೆ ಹಾಸಿದೆ. ಅದಕ್ಕೆ ಎಂಥದೋ ಇಂಗ್ಲಿಷ್ ಹೆಸರಿತ್ತು. ಮಳೆಗಾಲದಲ್ಲಿ ಎಷ್ಟು ಹಸಿರಾಯಿತೆಂದರೆ, ಮಗಳು ಕಾವ್ಯ "ಅಪ್ಪಾ, ನನ್ನ ನಿಶ್ಚಿತಾರ್ಥ ಈ ಲಾನ್ ಮೇಲೇ ಆಗ್ಬೇಕು" ಎಂದು ಹಟ ಹಿಡಿದಳು. ನಾನೂ ಚನ್ನಗಿರಿಯ ಬೀಗರಿಗೆ ಫೋನ್ ಮಾಡಿ, "ಛತ್ರ ಯಾಕ್ರೀ? ನಮ್ಮನೆ ಮುಂದೆ ಹಸಿರು ರತ್ನಗಂಬಳಿ ಐತೆ!" ಎಂದು ಕೊಚ್ಚಿಕೊಂಡೆ.

ಚಳಿ ಶುರುವಾದದ್ದೇ ತಡ, ರತ್ನಗಂಬಳಿಗೆ ಕಾಮಾಲೆ ಬಂತು!

ನಿಶ್ಚಿತಾರ್ಥಕ್ಕೆ ಉಳಿದಿದ್ದು ಹತ್ತೇ ದಿನ. ನರ್ಸರಿಯವನಿಗೆ ಫೋನ್ ಮಾಡಿದೆ. "ಚಳಿಗೆ ಹುಲ್ಲು ನಿದ್ದೆ ಮಾಡತೈತ್ರೀ. ನೀರು ಕಮ್ಮಿ ಮಾಡಿ ಸುಮ್ನೆ ಬಿಡ್ರಿ. ಶಿವರಾತ್ರಿ ಕಳದ್ಮೇಲೆ ತಾನೇ ಎದ್ದೇಳತೈತೆ" ಎಂದ.

ನಿದ್ದೆಯಂತೆ, ನಿದ್ದೆ! ನನ್ನ ಮೈಯೆಲ್ಲ ಉರಿದುಹೋಯಿತು. ಚಳಿ ಹುಲ್ಲಿಗೊಂದಕ್ಕೇನಾ? ನಾನು ಬೆಳಗ್ಗೆ ಎದ್ದು, ಮಫ್ಲರ್ ಸುತ್ತಿಕೊಂಡು ಪೈಪು ಹಿಡಿಯಬೇಕು, ಇದು ಶಿವರಾತ್ರಿವರೆಗೆ ಮಲಗಬೇಕು! ಚಳಿಯೇ ಕಾರಣವಾದರೆ ಬೆಚ್ಚಗೆ ಇಟ್ಟರಾಯಿತು ಎಂದು ಅಂಗಡಿಯ ಹೊಸ ಚಾದರಗಳನ್ನು ತಂದು ಸಂಜೆ ಹೊತ್ತಿಗೆ ಹೊದಿಸಿದೆ. ಬೆಳಗ್ಗೆ ಹಂಡೆಯ ಉಗುರುಬೆಚ್ಚಗಿನ ನೀರು ಚಿಮುಕಿಸಿದೆ. ಸುತ್ತಲೂ ಧೂಪ ಹಾಕಿದೆ.

ಪಕ್ಕದ ಮನೆ ನಾಗಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, "ಯಾರ್ದು ಶಾಂತಕ್ಕಾ ಬಾಣಂತನ?" ಎಂದು ಕೇಳಿದಳು.

"ಹುಲ್ಲಿಂದು ನಾಗಮ್ಮಾ! ನನ್ನ ಬಾಣಂತನಕ್ಕೆ ಈ ಮನುಷ್ಯ ಒಂದು ಚೊಂಬು ನೀರು ಕಾಸಿರ್ಲಿಲ್ಲ!" ಎಂದಳು ನನ್ನ ಹೆಂಡತಿ.

ಇಷ್ಟೆಲ್ಲ ಸೇವೆ ಮಾಡಿದರೂ ಹುಲ್ಲು ಜಪ್ಪಯ್ಯ ಎನ್ನಲಿಲ್ಲ. ಆಗ ಹೊಳೆಯಿತು! ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಾರೆ. ಕುರಿ ಹಿಕ್ಕೆ ಬಿದ್ದ ಹೊಲ ಮುಂದಿನ ಬೆಳೆಗೆ ಹುರುಪಿನಿಂದ ಏಳುತ್ತದೆ. ಹೊಲವೇ ಏಳುವಾಗ ಯಃಕಶ್ಚಿತ್ ಲಾನ್ ಏಳುವುದಿಲ್ಲವೇ? ಗುರುವಾರ ಬೆಳಗ್ಗೆ, ನಲವತ್ತು ಕುರಿ ಹೊಡೆದುಕೊಂಡು ಹೊರಟಿದ್ದ ಓಬಣ್ಣನನ್ನು ಬೀದಿಯಲ್ಲೇ ತಡೆದೆ. ಒಂದು ಮೂಟೆ ಮೆಕ್ಕೆಜೋಳಕ್ಕೆ ಮಾತಾಯಿತು.

"ಒಳಗೆ ಬೆಳೆ ಏನಾರ ಐತೇನ್ರೀ?" ಎಂದ, ಪಾಪ, ನಿಯತ್ತಿನ ಮನುಷ್ಯ.

"ಬೆಳೆ ಎಲ್ಲಿಂದ ಬಂತಪ್ಪ? ಬರೀ ಹುಲ್ಲು!"

ಅವನ ಮುಖ ಅರಳಿತು. "ಹುಲ್ಲಾ? ಒಳ್ಳೇದಾತು ಬಿಡ್ರಿ!"

ಗೇಟು ತೆಗೆದುಕೊಟ್ಟು ಠೀವಿಯಿಂದ ಅಂಗಡಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದು ನೋಡುತ್ತೇನೆ, ಲಾನೇ ಇಲ್ಲ! ಬರೀ ಮಣ್ಣು, ಮಣ್ಣಿನ ಮೇಲೆ ಹಿಕ್ಕೆ. ಕುರಿಯ ಹಿಂಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದ ನಾನು, ಮುಂದೆ ಅದಕ್ಕೊಂದು ಬಾಯಿದೆ ಎಂಬುದನ್ನು ಮರೆತೇಬಿಟ್ಟಿದ್ದೆ!

"ಏನಯ್ಯಾ ಇದು ಅನ್ಯಾಯ!" ಎಂದು ಕೂಗಾಡಿದೆ.

"ಹಸಿದ ಕುರಿ ಹುಲ್ಲು ಬಿಟ್ಟು ಹೋಳಿಗೆ ತಿಂತಾವೇನ್ರೀ?" ಎಂದ ಓಬಣ್ಣ, ಮೆಕ್ಕೆಜೋಳದ ಮೂಟೆ ಹೆಗಲಿಗೇರಿಸುತ್ತ.

ಕಾವ್ಯ ಬಾಗಿಲಲ್ಲಿ ನಿಂತು ಅಂಗಳ ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋಗಿ ಕೋಣೆಯ ಬಾಗಿಲು ದಡಾರನೆ ಹಾಕಿಕೊಂಡಳು. ಬೈದಿದ್ದರೂ ಚೆನ್ನಾಗಿತ್ತು. ಹೆಂಡತಿ ಮಾತ್ರ ಸೆರಗು ಸಿಕ್ಕಿಸಿ ಹಿಕ್ಕೆ ಗುಡಿಸಿ, ಸಗಣಿ ಸಾರಿಸಿ, ಉದ್ದಗಲಕ್ಕೂ ರಂಗೋಲಿ ಹಾಕಿದಳು.

ಭಾನುವಾರ ಬೀಗರು ಬಂದರು. ಅಂಗಳ ನೋಡಿ, "ಎಷ್ಟು ಚೊಕ್ಕ ಇಟ್ಟೀರಿ! ಒಂದು ಕಸ ಇಲ್ಲ" ಎಂದು ಮೆಚ್ಚಿದರು. ಒಳಗೆ ಕಾವ್ಯ ನಕ್ಕಿದ್ದು ಕೇಳಿಸಿತು. ಬದುಕಿದೆ ಎಂದುಕೊಂಡೆ.

ಅಷ್ಟರಲ್ಲಿ ಪೂಜೆಗೆ ಕೂತಿದ್ದ ಐನೋರು, "ಬೆನಕಪ್ಪಗೆ ಗರಿಕೆ ಎಲ್ರೀ?" ಎಂದರು. ಗರಿಕೆ ತರುವುದು ಎಲ್ಲರಿಗೂ ಮರೆತಿತ್ತು. ನಾನೇ ತಟ್ಟೆ ಹಿಡಿದು ಓಡಿದೆ. ನಾಗಮ್ಮನ ಬಚ್ಚಲ ಬಿಸಿನೀರು ಹರಿಯುವ ಮೋರಿಯ ಬದಿಗೆ ಗರಿಕೆ ಹಚ್ಚಹಸಿರಾಗಿ ಹಬ್ಬಿತ್ತು. ಬಗ್ಗಿ ಕಿತ್ತೆ. ಅದೇ ಎಲೆ, ಅದೇ ಗೆಣ್ಣು, ಅದೇ ಬಳ್ಳಿ! ನಾನು ಹೊನ್ನಾಳಿಯಿಂದ ಟೆಂಪೋದಲ್ಲಿ ಹೇರಿಸಿಕೊಂಡು ಬಂದಿದ್ದ ಆ ಇಂಗ್ಲಿಷ್ ಹೆಸರಿನ ಹುಲ್ಲು ಇದೇ!

"ಎಷ್ಟು ಬೇಕೋ ಕಿತ್ಕಳ್ರಿ ಅಣ್ಣಾ" ಎಂದಳು ನಾಗಮ್ಮ ಹಿತ್ತಲಿಂದ. "ಎಷ್ಟು ಕಿತ್ತು ಬಿಸಾಕಿದ್ರೂ ಹಾಳಾದ್ದು ಸಾಯಾಕಿಲ್ಲ!"