ರಾಚಮ್ಮನ ಎಡಗೈ ಕುಡುಗೋಲಿನ ಪರವಾಗಿ, ಸೀಟಿನ ಮೇಲೆ ಪ್ರಯಾಣಿಸಿದ ಕೋವಿಯವರಿಗೆ

ಮಾನ್ಯ ಜೋಡಿನಳಿಕೆ ಕೋವಿಯವರೇ,

ನಂಜನಗೂಡು ತಾಲ್ಲೂಕಿನ ಕೊಯ್ಲು ಕೂಲಿಕಾರ ಹೆಂಗಸರ ಶರಣು ತಮ್ಮ ಎರಡೂ ನಳಿಕೆಗಳಿಗೆ ಸಮನಾಗಿ ಸಲ್ಲಲಿ. ತಾವು ಚರ್ಮದ ಚೀಲದೊಳಗೆ ಎಣ್ಣೆ ಸವರಿಸಿಕೊಂಡು ಕ್ಷೇಮವಾಗಿದ್ದೀರೆಂದು ನಂಬಿದ್ದೇವೆ. ನಾವು ಕ್ಷೇಮವಾಗಿಲ್ಲ, ಅದನ್ನು ತಿಳಿಸಲೆಂದೇ ಈ ಪತ್ರ.

ಹೇಳಿದ್ದೇನು, ಕೊಡದೇ ಹೋದದ್ದೇನು ಎಂಬುದನ್ನು ಮೊದಲೇ ನೇರವಾಗಿ ಬರೆದುಬಿಡುತ್ತೇನೆ. ಟಿಕೆಟ್ ತೆಗೆದವರು ಪ್ರಯಾಣಿಕರು ಎಂದರು ರೈಲ್ವೆಯವರು; ಟಿಕೆಟ್ ತೆಗೆದ ಏಳು ಹೆಂಗಸರು ನಿಂತುಕೊಂಡು ಹೋದರು, ಟಿಕೆಟ್ಟಿಲ್ಲದ ತಾವು ಸೀಟಿನ ಮೇಲೆ ಮಲಗಿಕೊಂಡು ಹೋದಿರಿ. ನಿಯಮ ಪಾಲಿಸಿದರೆ ಬಿಡುತ್ತೇವೆ ಎಂದರು, ಪಾಲಿಸಿದ್ದಕ್ಕೇ ಹಿಡಿದರು. ಸಂಜೆಗೆ ವಾಪಸು ಕೊಡುತ್ತೇವೆ ಎಂದರು. ಇವತ್ತಿಗೆ ಹನ್ನೊಂದು ಸಂಜೆಗಳಾದವು. ರಸೀದಿ ಕೊಡುತ್ತೇವೆ ಎಂದರು. ಕೊಟ್ಟರು. ಅದರಲ್ಲಿ ಕುಡುಗೋಲು ಎಂಬ ಪದವೇ ಇಲ್ಲ, 'ಹಿಡಿಯಿಲ್ಲದ ಹರಿತ ಆಯುಧ, ಏಳು' ಎಂದಿದೆ.

ಅಧಿಕಾರಿಗಳಿಗೆ ಬರೆಯದೆ ತಮಗೇಕೆ ಬರೆಯುತ್ತಿದ್ದೇನೆಂದು ತಾವು ಕೇಳಬಹುದು. ಅವರಿಗೆ ಮೂರು ಅರ್ಜಿ ಕೊಟ್ಟಾಗಿದೆ, ಒಂದಕ್ಕೂ ಉತ್ತರವಿಲ್ಲ. ತಮ್ಮ ಮರ್ಯಾದೆಯನ್ನಾದರೋ ನಾವು ಕಣ್ಣಾರೆ ಕಂಡಿದ್ದೇವೆ. ಆ ರೈಲಿನಲ್ಲಿ ಮಾತು ನಡೆಯುವುದಿದ್ದರೆ ತಮ್ಮದೇ.

ನಡೆದದ್ದು ಇಷ್ಟು. ಬನ್ನೂರು ಕಡೆ ಭತ್ತದ ಕೊಯ್ಲಿಗೆ ನಮ್ಮ ಏಳು ಹೆಂಗಸರು ನಂಜನಗೂಡಿನಿಂದ ಮೈಸೂರಿಗೆ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ, ಅಲ್ಲಿಂದ ಮೇಸ್ತ್ರಿಯ ಗೂಡ್ಸ್ ಆಟೋ ಹತ್ತುತ್ತಾರೆ. ಹೆಂಗಸರಿಗೆ ಬಸ್ಸು ಬಿಟ್ಟಿಯಲ್ಲವೇ ಎನ್ನಬೇಡಿ. ಆ ಹೊತ್ತಿಗೆ ತಾಂಡ್ಯದ ಕಾರ್ಖಾನೆಗಳಿಗೆ ಹೋಗುವವರು ಬಾಗಿಲಲ್ಲೇ ಜೋತು ಬಿದ್ದಿರುತ್ತಾರೆ. ಆ ನೂಕುನುಗ್ಗಲಲ್ಲಿ ಸೊಂಟದ ಕುಡುಗೋಲು ಯಾರಿಗಾದರೂ ತಾಗೀತೆಂದು ಹೆದರಿ, ಇವರು ಕಾಸು ಕೊಟ್ಟು ರೈಲು ಹತ್ತುವವರು. ಇನ್ನೊಬ್ಬರಿಗೆ ಗಾಯವಾಗಬಾರದೆಂಬ ಈ ಯೋಚನೆಯೇ ಇವರನ್ನು ಅಪರಾಧಿಗಳನ್ನಾಗಿ ಮಾಡಿತು ಎಂಬುದನ್ನು ತಾವು ಗಮನಿಸಬೇಕು.

ಆ ದಿನ ತಾವು ಲೈಸೆನ್ಸ್ ನವೀಕರಣಕ್ಕೆಂದು ತಮ್ಮ ಯಜಮಾನರಾದ ರೈಸ್‌ಮಿಲ್ ಮಲ್ಲಿಕಾರ್ಜುನ್ ಅವರ ಜೊತೆ ಅದೇ ಬೋಗಿಯಲ್ಲಿ ದಯಮಾಡಿಸಿದ್ದಿರಿ. ಕಿಟಕಿ ಪಕ್ಕ ಯಜಮಾನರು, ಅವರ ಪಕ್ಕ ಇಬ್ಬರು ಕೂರುವ ಜಾಗದಲ್ಲಿ ಉದ್ದಕ್ಕೆ ತಾವು. ಯಜಮಾನರು ಕೆಟ್ಟವರಲ್ಲ. ಅರವತ್ತು ದಾಟಿದ ರಾಚಮ್ಮ ಕಂಬಿ ಹಿಡಿದು ನಿಂತದ್ದನ್ನು ನೋಡಿ ಮುಜುಗರಪಟ್ಟು ತಮ್ಮನ್ನು ಎತ್ತಲು ಹೋದರು. ರಾಚಮ್ಮನೇ ತಡೆದಳು: "ಏಳುಸ್ಬ್ಯಾಡಿ ಕಣ್ರೀ ಸಾವ್ಕಾರ್ರೇ, ಪಾಪ ಮನಿಕಂಡದೆ. ನಾವ್ ನಿಂತ್ಕಂಡೇ ಬತ್ತೀವಿ." ಆ ಸೌಜನ್ಯ ತಮಗೆ ನೆನಪಿರಲಿ ಎಂದು ಇಲ್ಲಿ ದಾಖಲಿಸುತ್ತಿದ್ದೇನೆ.

ದಾರಿಯಲ್ಲಿ ಒಂದು ಪುಟ್ಟ ನಿಲ್ದಾಣ. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿ ನಿಲ್ಲುವ ಎರಡು ರೈಲೂ ನಿಲ್ಲದೇ ಹೋಗಬಹುದು. ಅಲ್ಲಿ ರೈಲ್ವೆ ಪೊಲೀಸ್ ತಪಾಸಣೆಯವರು ಹತ್ತಿದರು. ತಮ್ಮ ಚೀಲದ ಮುಂದೆ ನಿಂತು, ಲೈಸೆನ್ಸ್ ನೋಡಿ, ತೋಟಾಗಳು ಬೇರೆ ಪೆಟ್ಟಿಗೆಯಲ್ಲಿವೆಯೆಂದು ಖಾತ್ರಿ ಮಾಡಿಕೊಂಡು, ಸೆಲ್ಯೂಟಿಗೆ ಒಂದು ಗೇಣು ಕಡಿಮೆಯೆನ್ನುವಷ್ಟು ಕೈಯೆತ್ತಿ ಮುಂದೆ ಬಂದವರು ರಾಚಮ್ಮನ ಸೊಂಟ ನೋಡಿದರು.

"ಏನಮ್ಮಾ, ರೈಲಿಗೆ ಮಚ್ಚು ತಕ್ಕಂಡು ಬಂದಿದ್ದೀಯಾ?"

"ಮಚ್ಚಲ್ಲ ಸಾ, ಕುಡ್ಲು. ಬತ್ತ ಕುಯ್ಯಾದು."

"ಲೈಸೆನ್ಸ್ ಅದಾ ಇದ್ಕೆ?"

ಪಕ್ಕದಲ್ಲಿದ್ದ ವೆಂಕಟಮ್ಮ ಸುಮ್ಮನಿರುವ ಹೆಂಗಸಲ್ಲ. "ಬತ್ತಾನೇ ಲೈಸೆನ್ಸ್ ಇಲ್ದೆ ಬೆಳೀತದೆ ಸಾ, ಕುಡ್ಲಿಗ್ಯಾಕೆ?" ಎಂದಳು. ಬೋಗಿ ನಕ್ಕಿತು. ನಗು ನಿಂತ ಮೇಲೆ ಅವರು ತಮ್ಮ ಕಡೆ ಬೆರಳು ತೋರಿಸಿ ಉಪದೇಶ ಮಾಡಿದರು: "ಆ ಸಾವ್ಕಾರ್ರನ್ನ ನೋಡಿ ಕಲೀರಿ. ಕೋವಿ ಅಂದ್ರೆ ಕೋವಿ. ಆದ್ರೂ ಎಷ್ಟು ರೂಲ್ಸಾಗಿ ತಕ್ಕಂಡೋಯ್ತಾವ್ರೆ. ಇನ್ನೊಂದ್ಸಲ ಹಿಂಗೆ ಬಂದ್ರೆ ಕೇಸೇಯ."

ಮುಂದಿನ ತಪ್ಪು ನನ್ನದು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಇಪ್ಪತ್ತೆರಡು ವರ್ಷ ಧರಣಿ, ಜಾಥಾ, ಮನವಿಪತ್ರಗಳಲ್ಲಿ ಕಳೆದ ನಾನು, ನಿಯಮವನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದರೆ ಸರ್ಕಾರ ಸೋಲಲೇಬೇಕು ಎಂದು ನಂಬಿದವಳು. ಅಂದು ಸಂಜೆಯೇ ಎಲ್ಲರನ್ನೂ ಕೂರಿಸಿಕೊಂಡು ತಮ್ಮ ನಡವಳಿಕೆಯನ್ನು ಪಾಠದಂತೆ ಓದಿದೆ. ಕೋವಿ ಬೇರೆ, ತೋಟಾ ಬೇರೆ, ಭದ್ರವಾದ ಪೆಟ್ಟಿಗೆ, ಜೊತೆಗೆ ಭಾವಚಿತ್ರವಿರುವ ಪತ್ರ. ಏಳು ಕುಡುಗೋಲುಗಳನ್ನೂ ಕಲ್ಲಿಗೆ ಕುಟ್ಟಿ ಹಿಡಿ ಬಿಚ್ಚಿದೆವು. ಹಿಡಿಗಳು ಏಳರಲ್ಲೊಬ್ಬಳಾದ ಕೋಮಲಳ ಬುಟ್ಟಿಗೆ. ಅಲಗುಗಳು ಹಳೇ ಸೀರೆಯ ಚೂರಿನಲ್ಲಿ ಸುತ್ತಿ ವೆಂಕಟಮ್ಮನ ಮದುವೆ ಕಾಲದ ತಗಡಿನ ಟ್ರಂಕಿಗೆ. ಬೀಗದ ಕೈ ನನ್ನ ಕೊರಳಿಗೆ. ಲೈಸೆನ್ಸ್ ಇಲ್ಲದ್ದಕ್ಕೆ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್. ರಾಚಮ್ಮ ಮಾತ್ರ ಹಿಡಿ ಬಿಚ್ಚಲು ಒಪ್ಪಲಿಲ್ಲ. "ಇದನ್ನ ಬಿಚ್ಚಿದ್ರೆ ಮತ್ತೆ ಕುಂತ್ಕಳಕಿಲ್ಲ ಕಣವ್ವಾ" ಎಂದಳು. ನಾನೇ ಭಾಷಣ ಮಾಡಿ ಒಪ್ಪಿಸಿದೆ.

ಮಾರನೇ ದಿನ ನಾನೂ ಜೊತೆಗೆ ಹೊರಟೆ; ಅದೇ ನಿಲ್ದಾಣ, ಅದೇ ಸಿಬ್ಬಂದಿ. ಟ್ರಂಕು ತೆರೆಸಿದರು. ಸೊಂಟದಲ್ಲಿ ಎಲ್ಲರಿಗೂ ಕಾಣುವಂತಿದ್ದಾಗ ಅವು ಏಳು ಹೆಂಗಸರ ಕುಡುಗೋಲುಗಳಾಗಿದ್ದವು. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಒಟ್ಟಿಗೆ ಮಲಗಿದ್ದಾಗ ಶಸ್ತ್ರಾಸ್ತ್ರ ಸಾಗಣೆಯಾಗಿಬಿಟ್ಟಿದ್ದವು. "ಹಿಡಿ ಬಿಚ್ಚಿ ಬಚ್ಚಿಟ್ಕಂಡು ಓಯ್ತಾ ಇದ್ದೀರಲ್ಲಾ, ಯಾರ ಮೇಲಮ್ಮಾ ಪ್ಲಾನು?" ಎಂದು ಕೇಳಿದರು. ಜಾಬ್ ಕಾರ್ಡ್ ತೋರಿಸಿದೆ. ಅದರಲ್ಲಿ ಗುದ್ದಲಿ ಕೆಲಸ ಎಂದಿದೆ, ಕುಡುಗೋಲಿನ ಮಾತೇ ಇಲ್ಲ ಎಂದರು. ಅಲಗುಗಳನ್ನು ಇಟ್ಟುಕೊಂಡರು. ಹಿಡಿ ಆಯುಧವಲ್ಲವಂತೆ, ಅವನ್ನು ಬುಟ್ಟಿಯ ಸಮೇತ ನಮಗೇ ಬಿಟ್ಟರು.

ಮಾನ್ಯರೇ, ಆರು ಹೆಂಗಸರು ಬನ್ನೂರು ಸಂತೆಯಲ್ಲಿ ಬೇರೆ ಕುಡುಗೋಲು ಕೊಂಡು ಗದ್ದೆಗೆ ಇಳಿದರು. ಏಳನೆಯವಳು ಕೊಳ್ಳಲಾರಳು. ರಾಚಮ್ಮ ಎಡಚಿ. ಭತ್ತದ ಕುಡುಗೋಲಿನ ಹಲ್ಲನ್ನು ಒಂದು ಮಗ್ಗುಲಿಗೆ ಮಾತ್ರ ಅರದಿಂದ ಕೊರೆದಿರುತ್ತಾರೆ, ಬಲಗೈಗೆ ಹೊಂದುವ ಮಗ್ಗುಲಿಗೆ. ಸಂತೆಯಲ್ಲಿ ಸಿಗುವುದೆಲ್ಲ ಅದೇ. ತಗಡೂರಿನ ಕಡೆ ಕುಲುಮೆ ಇಟ್ಟಿದ್ದ ಚನ್ನಯ್ಯ ಎಂಬ ಮುದುಕ ಇವಳ ಕೈಯನ್ನು ಇದ್ದಿಲಿನಲ್ಲಿ ನೆಲದ ಮೇಲೆ ಬರೆದುಕೊಂಡು, ಹಲ್ಲನ್ನು ಎಡ ಮಗ್ಗುಲಿಗೆ ಕೊರೆದು ಕೊಟ್ಟಿದ್ದ. ಅವನು ಹೋಗಿ ಎಂಟು ವರ್ಷ. ಕುಲುಮೆಯಿದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿಯಿದೆ.

ಸಾಲಿನ ಎಡತುದಿ, ಬದುವಿನ ಪಕ್ಕ, ಮೂವತ್ತು ವರ್ಷದಿಂದ ರಾಚಮ್ಮನದು. ಬದುವಿಗೆ ಒರಗಿ ಮಲಗಿದ ತೆನೆಯನ್ನು ಬಲಗೈಯವರು ಮೈ ತಿರುಗಿಸಿಕೊಂಡು ಕೊಯ್ಯಬೇಕು. ಅವಳು ನಡೆಯುತ್ತಲೇ ಕೊಯ್ಯುತ್ತಾಳೆ, ಅವಳ ಕೈಯ ವೇಗಕ್ಕೆ ಉಳಿದ ಆರು ಜನ ಹೆಜ್ಜೆ ಹಾಕುತ್ತಾರೆ. ಜೊತೆಯವರಿಂದ ಎರವಲು ಪಡೆದ ಸಂತೆಯ ಕುಡುಗೋಲು ಅವಳ ಕೈಯಲ್ಲಿ ತೆನೆಯನ್ನು ಕೊಯ್ಯಲಿಲ್ಲ, ಬುಡ ಸಮೇತ ಕಿತ್ತಿತು. ಎರಡನೇ ದಿನ ಮೇಸ್ತ್ರಿ ಸಿದ್ದರಾಜು ಅವಳನ್ನು ಸಾಲಿನಿಂದ ತೆಗೆದು ಹೊರೆ ಹೊರುವುದಕ್ಕೆ ಹಾಕಿದ. ಅವಳು ದಿನಾ ಬೆಳಿಗ್ಗೆ ಆ ಬರೀ ಹಿಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ರೈಲು ಹತ್ತುತ್ತಾಳೆ. ಯಂತ್ರ ಇಳಿಯದ ಕೆಸರುಗದ್ದೆಗಳಲ್ಲಿ ಇನ್ನು ನಾಲ್ಕು ದಿನದ ಕೊಯ್ಲು ಉಳಿದಿದೆ. ಈ ಸುಗ್ಗಿ ಅವಳು ಹೊರೆ ಹೊತ್ತೇ ಮುಗಿಸಿದರೆ, ಬರುವ ಸುಗ್ಗಿಗೆ ಯಾವ ಮೇಸ್ತ್ರಿಯೂ ಅವಳನ್ನು ಸಾಲಿಗೆ ಕರೆಯುವುದಿಲ್ಲ.

ತಮ್ಮ ಸಾಧನೆಯೂ ಸಾಮಾನ್ಯವಲ್ಲ. ಯಜಮಾನರ ತಂದೆ ತಮ್ಮನ್ನು ಹಂದಿ ಹೊಡೆಯಲು ತಂದರಂತೆ. ಹಂದಿಗಳು ಇಂದಿಗೂ ಸುಖವಾಗಿವೆ. ತಾವು ಕೊನೆಯದಾಗಿ ಗುಂಡು ಹಾರಿಸಿದ್ದು ಯಾರದೋ ಮದುವೆಯಲ್ಲಿ, ಬಿದ್ದದ್ದು ಪಕ್ಕದ ಮನೆಯ ನೀರಿನ ಟ್ಯಾಂಕಿಗೆ. ಇಂಥ ಹೊಣೆಗಾರಿಕೆಯುಳ್ಳವರಿಗೆ ನಿಯಮದಲ್ಲಿ ಜಾಗವಿರುವುದು ಸರಿಯೇ. ಕೊಲ್ಲಲೆಂದು ಹುಟ್ಟಿದವರಿಗೆ ಪತ್ರವಿದೆ, ಪೆಟ್ಟಿಗೆಯಿದೆ, ಸೀಟಿದೆ. ಕೊಯ್ಯಲೆಂದು ಹುಟ್ಟಿದ ಕುಡುಗೋಲಿಗೆ ಕಾಲಂ ಇಲ್ಲ.

ಆದ್ದರಿಂದ ನಮ್ಮ ವಿನಮ್ರ ಬೇಡಿಕೆಗಳು. ತಾವು ದಯವಿಟ್ಟು ಈ ಕುಡುಗೋಲನ್ನು ತಂಗಿಯೆಂದು ದತ್ತು ತೆಗೆದುಕೊಂಡು ತಮ್ಮ ಲೈಸೆನ್ಸಿನಲ್ಲಿ ಅವಲಂಬಿತಳೆಂದು ಬರೆಸಬೇಕು. ಆಯುಧ ಬೇರೆ, ಮದ್ದುಗುಂಡು ಬೇರೆ ಇರಲೇಬೇಕೆಂದರೆ, ಕುಡುಗೋಲಿಗೆ ಮದ್ದುಗುಂಡು ರಾಚಮ್ಮನ ಎಡಗೈಯೇ ಆದ್ದರಿಂದ, ಆ ಕೈಯನ್ನು ಗಾರ್ಡಿನ ಬೋಗಿಯಲ್ಲಿ ಕಳಿಸಿ, ಮೈಸೂರಿನಲ್ಲಿ ಇಳಿದ ಮೇಲೆ ಮತ್ತೆ ಜೋಡಿಸಿಕೊಡುವ ಏರ್ಪಾಡು ಮಾಡಿಸಬೇಕು. ಇವೆರಡೂ ಕಷ್ಟವೆಂದಾದರೆ, ತಾವೇ ಖುದ್ದಾಗಿ ಬನ್ನೂರಿಗೆ ಬಂದು, ಕೆಸರಿಗೆ ಇಳಿದು, ಬದುವಿನ ಪಕ್ಕದ ಒಂದು ಗುಂಟೆ ಭತ್ತ ಕೊಯ್ದು ಕೊಡಬೇಕು. ಕೂಲಿ ಹೆಣ್ಣಾಳಿನ ಲೆಕ್ಕದ್ದೇ. ಗಂಡಾಳಿನದು ಕೇಳಬಾರದು.

ತಮ್ಮ ನಳಿಕೆಗಳ ಎದುರಿಗಲ್ಲದೆ, ಅವುಗಳ ಪಕ್ಕದಲ್ಲಿ, ಸೀಟಿಲ್ಲದೆ ನಿಂತಿರುವ
ತಮ್ಮ ವಿಶ್ವಾಸಿ,
ಯಶೋಧರಾ
ಕೊಯ್ಲು ಕೂಲಿಕಾರ ಹೆಂಗಸರ ಒಕ್ಕೂಟ, ನಂಜನಗೂಡು

ಮರೆತ ಮಾತು: ಏಳು ಜನವೂ ಕುಡುಗೋಲಿಗೆ ಲೈಸೆನ್ಸ್ ಕೋರಿ, ಕೋವಿಯ ಅರ್ಜಿ ನಮೂನೆಯಲ್ಲೇ ಅರ್ಜಿ ತುಂಬಿದ್ದಾರೆ. 'ಆಯುಧ ಯಾವ ಉದ್ದೇಶಕ್ಕೆ' ಎಂಬಲ್ಲಿ ರಾಚಮ್ಮ 'ನಿಮ್ಮ ಮಧ್ಯಾಹ್ನದ ಊಟಕ್ಕೆ' ಎಂದು ಬರೆಸಿ ಎಡಗೈ ಹೆಬ್ಬೆಟ್ಟು ಒತ್ತಿದ್ದಾಳೆ. ಅರ್ಜಿ ಕೊಡಲು ನೂರಿಪ್ಪತ್ತು ಹೆಂಗಸರು ಆ ನಿಲ್ದಾಣದಲ್ಲೇ ಇಳಿಯುತ್ತೇವೆ, ಎಲ್ಲರ ಸೊಂಟದಲ್ಲೂ ಬರೀ ಹಿಡಿ. ಅದು ಆಯುಧವಲ್ಲವೆಂದು ತಪಾಸಣೆಯವರೇ ಹೇಳಿದ್ದಾರೆ. ಹಿಡಿ ನಾವು ತರುತ್ತೇವೆ, ಅಲಗು ಅವರು ತರಲಿ: ಬರುವ ಸೋಮವಾರ, ಬೆಳಿಗ್ಗೆ ಆರೂ ಮುಕ್ಕಾಲು, ಒಂದನೇ ಪ್ಲಾಟ್‌ಫಾರಂ.