ಖವಾ ಕೊಪ್ಪರಿಗೆಯ ಬೆಸುಗೆ

ವೆಲ್ಡಿಂಗ್ ಮಷಿನ್ನು ಹೊತ್ತುಕೊಂಡು ಊರೂರು ತಿರುಗುವವನು ನಗೆಯನ್ನು ಹುಡುಕಿಕೊಂಡು ಹೋಗುವ ಜರೂರಿಲ್ಲ. ಕಿಡಿ ಹಾರಿದಲ್ಲಿ ನಾಲ್ಕು ಮಂದಿ ಕೂಡುತ್ತಾರೆ, ನಾಲ್ವರೂ ಒಂದೊಂದು ಸಲಹೆ ಕೊಡುತ್ತಾರೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು, ಯಾವ ಊರಲ್ಲೂ ಬಹಳ ದಿನ ನಿಂತವನಲ್ಲ. ಆದರೆ ದೊಡವಾಡದ ಒಂದು ಕೊಪ್ಪರಿಗೆ ನನ್ನನ್ನು ಎಂಟು ದಿನ ಕಟ್ಟಿಹಾಕಿತು.

ಗೆರೆ

ಹಾಲು ಕುದಿಸಿ ಖವಾ ಮಾಡುವ ಕೊಪ್ಪರಿಗೆ ಅದು. ಒಳಗಿನದು ಸ್ಟೀಲು, ಹೊರಗಿನ ಕವಚ ದಪ್ಪ ಕಬ್ಬಿಣ. ನಡುವಿನ ಜಾಗದಲ್ಲಿ ಬಾಯ್ಲರಿನ ಉಗಿ ಒತ್ತಡದಲ್ಲಿ ತುಂಬಿರುತ್ತದೆ. ಎರಡೂ ಕೂಡುವ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ಸೋಮವಾರ ತಪಾಸಣೆಯ ಸಾಹೇಬರು ಬರುವವರಿದ್ದರು. ಅವರು ಪಾಸು ಮಾಡದಿದ್ದರೆ ಖವಾ ಕೆಲಸ ಶುರುವಾಗುವಂತಿಲ್ಲ, ಆದರೆ ಅಂದೇ ಹಾಲು ತನ್ನಿರೆಂದು ಸುತ್ತಲಿನ ಹಳ್ಳಿಗಳಿಗೆ ಮಾಲಕರು ಹೇಳಿ ಆಗಿತ್ತು.

"ಬರೇ ಗೆರಿ ಐತಿ ಮಿಸ್ತ್ರಿ, ಸೀಳಿಲ್ಲ" ಎಂದರು ಮಾಲಕರು.

"ಕಾದಾಗ ಸ್ಟೀಲು ಜಾಸ್ತಿ ಹಿಗ್ಗತೈತ್ರಿ, ಕಬ್ಬಿಣ ಕಡಿಮಿ. ಹಿಂದಿನಾಂವ ಸಾದಾ ರಾಡ್ ಹಚ್ಯಾನ, ಬೆಸುಗಿ ಗಡಸಾಗಿ ಬಿರದೈತಿ. ಎರಡಕ್ಕೂ ಹೊಂದೂ ಬ್ಯಾರೆ ರಾಡ್ ಬೇಕ್ರಿ."

"ಆಂವ ಹಂಗೇನೂ ಹೇಳಲಿಲ್ಲಪಾ."

"ಮತ್ತೇನ್ ಹೇಳಿದ್ದ?"

"ಬಣ್ಣಾ ಹಚ್ರಿ ಅಂದ. ಮೂರು ಸಲ ಹಚ್ಚೇವಿ."

ಕೆರೆದು ನೋಡಿದೆ. ಆ ಜೋಡಿನಲ್ಲಿ ಗಟ್ಟಿಯಾಗಿ ಹಿಡಿದದ್ದು ಬಣ್ಣವೊಂದೇ.

ಬೇಕರಿ

ಹೊಸ ರಾಡು, ಅಂದರೆ ಮೇಲೆ ಪುಡಿ ಮೆತ್ತಿದ ಬೆಸುಗೆಯ ಕಡ್ಡಿಗಳು, ಬಂದವು. ಆದರೆ ಡಬ್ಬಿ ಒಡೆದು ಥಂಡಿ ಹಿಡಿದಿದ್ದವು. ರಾಡಿನಲ್ಲಿ ತೇವ ಉಳಿದರೆ ಬೆಸುಗೆಯೊಳಗೆ ತೂತು ಬೀಳುತ್ತವೆ. ಒಣಗಿಸುವ ಓವನ್ ನನ್ನ ಹತ್ತಿರ ಎಲ್ಲಿಯದು? ಕಿತ್ತೂರಿನ ಬೇಕರಿಗೆ ಒಯ್ದೆ. ಬೇಕರಿಯವನು ಬ್ರೆಡ್ಡು ತೆಗೆದ ಮೇಲೆ ರಾಡುಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಒಳಗಿಟ್ಟ. ಎರಡು ತಾಸಿಗೆ ಹೊರತೆಗೆಯುವಾಗ ಬಟರ್ ಬಿಸ್ಕೀಟು ಕೊಳ್ಳಲು ಬಂದ ಅಜ್ಜನೊಬ್ಬ ಬಗ್ಗಿ ನೋಡಿದ.

"ಇವ್ಯಾವ ನಮೂನಿ ಖಾರಿ ಬಿಸ್ಕೀಟೋ? ನನಗೂ ಒಂದ್ ಪಾವ್‌ಕಿಲೋ ಕಟ್ಟು."

"ಅವು ಮಾರಾಕಲ್ರೀ ಅಜ್ಜಾರ. ಈ ಮಿಸ್ತ್ರಿ ಮಾಡಿಸ್ಕೊಂಡಾನ."

ಅಜ್ಜ ಒಂದು ರಾಡನ್ನು ಉಗುರಿನಿಂದ ತಟ್ಟಿದ, ನನ್ನ ಬಾಯಿಯನ್ನು ಒಮ್ಮೆ ದಿಟ್ಟಿಸಿದ. "ಹಲ್ಲು ಅದಾವು, ತಿನ್ನಲಿ ಬಿಡು."

ಹಂಚು

ದಪ್ಪ ಕಬ್ಬಿಣ ತಣ್ಣಗಿದ್ದರೆ ಬೆಸುಗೆ ಥಟ್ಟನೆ ಆರಿ ಬಿರಿಯುತ್ತದೆ, ಮೊದಲು ಕಾಯಿಸಿಕೊಳ್ಳಬೇಕು. ಸೆಗಣಿ ಕುಳ್ಳಿನ ಬೆಂಕಿ ಹಚ್ಚಿದೆ. ಸರಿಯಾದ ಕಾವಿಗೆ ಕರಗುವ ಒಂದು ಬಳಪವಿರುತ್ತದೆ, ನನ್ನದನ್ನು ಕಟಕೋಳದ ಬಸ್ಸಿನಲ್ಲಿ ಕಳೆದುಕೊಂಡಿದ್ದೆ. ಅಂದಾಜು ಹತ್ತದೆ ನಿಂತಿದ್ದೆ. ಮಾಲಕರ ಅವ್ವ ಬಂದು, ರೊಟ್ಟಿಯ ಹಂಚಿಗೆ ಚಿಮುಕಿಸುವ ಹಾಗೆ, ಕಬ್ಬಿಣದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದಳು.

"ಇನ್ನೂ ಕಾದಿಲ್ಲ. ಹನಿ ಬಿದ್ದ ಕೂಡ್ಲೆ ಆರಬೇಕು. ಜಿಗದಾಡಿದ್ರ ಜಾಸ್ತಿ ಆತು, ಹೊತ್ತತೈತಿ."

ಆಕೆ ಹ್ಞೂಂ ಅಂದಮೇಲೆ ರಾಡು ಹಚ್ಚಿದೆ. ಸುತ್ತು ಸುತ್ತಿಗೂ ಬೆಸುಗೆಯಿಂದ ಗೇಣು ದೂರದಲ್ಲಿ ಆಕೆಯ ಹನಿ ಬೀಳುತ್ತಿತ್ತು. ಮುಗಿಸಿ, ನಿಧಾನಕ್ಕೆ ಆರಲೆಂದು ಬೂದಿ ಮುಚ್ಚಿ, ಮೇಲೆ ಎರಡು ಕಂಬಳಿ ಹೊಚ್ಚಿದೆ. ಮರುದಿನ ತೆಗೆದು ನೋಡಿದರೆ ಒಂದು ಗೆರೆಯೂ ಇಲ್ಲ. ಹೊಗಳಿಕೆ ಬರಬಹುದೆಂದು ಅವ್ವನ ಮುಖ ನೋಡಿದೆ.

"ಚಲೋ ಬೆಂದೈತಿ. ಅಂಚು ಸ್ವಲ್ಪ ದಪ್ಪ ತಟ್ಟೀದಿ."

ತಪಾಸಣೆ

ಕವಚದೊಳಗೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸಿ, ಅರ್ಧ ತಾಸು ನಿಲ್ಲಿಸಬೇಕು. ಒಂದು ಹನಿ ಜಿನುಗಿದರೂ ಫೇಲು. ನಾನು ಪಂಪಿನ ಪೈಪು ಜೋಡಿಸುವಷ್ಟರಲ್ಲಿ ಮಾಲಕರು ಕೊಪ್ಪರಿಗೆಗೆ ಪೂಜೆ ಮುಗಿಸಿದ್ದರು. ಬೆಳಗಿನ ಹಾಲು ಕ್ಯಾನುಗಳಲ್ಲಿ ಬಂದು ಬಾಗಿಲಲ್ಲಿ ನಿಂತಿತ್ತು.

ಸಾಹೇಬರ ಎದುರು ಪಂಪು ಒತ್ತಿದೆ. ಒತ್ತಡ ತೋರಿಸುವ ಮುಳ್ಳು ಏರಿ ನಿಂತಿತು. ಐದು ನಿಮಿಷವಾಗಿಲ್ಲ, ಬೆಸುಗೆಯ ಕೆಳಗೆ ಒಂದು ಹನಿ ಮೂಡಿ, ತೂಗಾಡಿ, ಬಿತ್ತು. ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು. ಮಾಲಕರು ಕ್ಯಾನುಗಳ ಕಡೆ ನೋಡಿದರು. ನನಗೆ ಏನು ತಿಳಿಯಿತೋ, ಹನಿಯನ್ನು ಬೆರಳಿಗೆ ತಗೊಂಡು ನಾಲಿಗೆಗೆ ಹಚ್ಚಿದೆ.

"ಸಾಹೇಬ್ರ, ಇದು ಸಿಹಿ ಐತ್ರಿ."

"ಸಿಹಿ ಅಂತ ಬರೀಲಿಕ್ಕೆ ಫಾರ್ಮಿನ್ಯಾಗ ಜಾಗಾ ಇಲ್ಲ."

ಮಾಲಕರನ್ನು ಕೇಳಿದೆ, "ಕಾಯಿ ಎಲ್ಲಿ ಒಡದ್ರಿ?"

"ಆ ಅಂಚಿಗೇ ಬಡದೆ. ಬೆಸುಗಿ ಗಟ್ಟಿ ಐತಿ ಅಂತ ನೀನ ಹೇಳಿದ್ಯಲ್ಲಾ."

ಸಾಹೇಬರು ಮುಳ್ಳು ನೋಡಿದರು, ಇಳಿದಿರಲಿಲ್ಲ. "ಒಳಗಿನ ನೀರು ಎಂಥಾದ್ದು?"

"ಬೋರಿಂದ್ರೀ, ಬರೇ ಉಪ್ಪು ಸವಳು. ಅದರಾಗ ಬ್ಯಾಳಿ ಬೇಯೂದಿಲ್ಲ" ಎಂದಳು ಅವ್ವ.

ಸಾಹೇಬರು ಆಚೀಚೆ ನೋಡಿದರು. ಆಮೇಲೆ ಬಗ್ಗಿ, ಇನ್ನೊಂದು ಹನಿಯನ್ನು ಬೆರಳಲ್ಲಿ ಹಿಡಿದು, ಬಾಯಿಗಿಟ್ಟು, ಬಹಳ ಹೊತ್ತು ವಿಚಾರ ಮಾಡಿದರು. ಅಂಚು ಒರೆಸಿಸಿ ಮತ್ತೆ ಅರ್ಧ ತಾಸು ನಿಲ್ಲಿಸಿದರು. ಬೆಸುಗೆ ಒಣಗಿಯೇ ಇತ್ತು. ಸಹಿ ಹಾಕಿದರು, ಹಾಲು ಒಳಗೆ ಬಂತು.

ಜೀಪು ಹತ್ತುವ ಮುಂಚೆ ಅವರು ನನ್ನನ್ನು ಬದಿಗೆ ಕರೆದರು. ದನಿ ಸಣ್ಣದಾಗಿತ್ತು.

"ಮಿಸ್ತ್ರಿ, ಇಷ್ಟ್ ವರ್ಷದಾಗ ಹನಿ ಕಂಡದ್ದನ್ನೆಲ್ಲಾ ಫೇಲ್ ಮಾಡೇನಿ. ಒಂದನ್ನೂ ನೆಕ್ಕಿ ನೋಡಿದ್ದಿಲ್ಲ."